ಸಂಶೋಧನ ಲೇಖನದ ಗದ್ಯ: ಸಸ್ಯವಿಜ್ಞಾನದ ಹಸ್ತಪ್ರತಿ ಮತ್ತು ಬಿ.ಜಿ.ಎಲ್. ಸ್ವಾಮಿ

ಬಿ.ಜಿ.ಎಲ್. ಸ್ವಾಮಿಯವರನ್ನು ಕುರಿತು ಕನ್ನಡದಲ್ಲಿ ಬಂದಿರುವ ವಿಮರ್ಶೆಯಲ್ಲಿ ಒಂದು ಮಾತು ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ: ಅವರು ಅಂತರರಾಷ್ಟ್ರೀಯ ಖ್ಯಾತಿಯ ಸಸ್ಯವಿಜ್ಞಾನಿಯೂ ಆಗಿದ್ದರು ಎಂಬುದು. ಈ ಮಾತನ್ನು ಹೇಳಿದ ಮರುಕ್ಷಣವೇ ವಿಮರ್ಶಕ ‘ಹಸುರು ಹೊನ್ನು’ವಿನ ಹಾಸ್ಯಕ್ಕೋ ‘ಕಾಲೇಜು ರಂಗ’ದ ವಿಡಂಬನೆಗೋ ಹೊರಳಿಬಿಡುತ್ತಾನೆ. ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೃತಿ. ಅದರ ಮೇಲೆ ಗಮನ ಹರಿದದ್ದು ಸಹಜವೇ. ಆದರೆ ಸ್ವಾಮಿಯವರು ತಮ್ಮ ಬರವಣಿಗೆಯ ಬಹುಪಾಲು ವರ್ಷಗಳಲ್ಲಿ ಬರೆದದ್ದು ಸಸ್ಯವಿಜ್ಞಾನದ ನಿಯತಕಾಲಿಕಗಳಿಗೆ. ಆ ಲೇಖನಗಳನ್ನು ಬರಹವೆಂದು ಓದಿದವರು ನಮ್ಮಲ್ಲಿ ವಿರಳ. ವಿಜ್ಞಾನಿಗಳು ಅವುಗಳಿಂದ ಮಾಹಿತಿಯನ್ನು ಎತ್ತಿಕೊಂಡರು. ಸಾಹಿತಿಗಳು ಅವುಗಳಿಗೆ ದೂರದಿಂದಲೇ ಕೈಮುಗಿದರು. ಈ ಎರಡು ಬಗೆಯ ಗೌರವಗಳ ನಡುವೆ ಓದು ಮಾತ್ರ ತಪ್ಪಿಹೋಯಿತು. ಸಂಶೋಧನ ಹಸ್ತಪ್ರತಿಯನ್ನು ಸಿದ್ಧಪಡಿಸುವುದು ಮತ್ತು ನಿಯತಕಾಲಿಕಕ್ಕೆ ಒಪ್ಪಿಸುವುದು ಎಂಬ ಕ್ರಿಯೆಯನ್ನು ಒಂದು ಗದ್ಯಪ್ರಕಾರದ ದೃಷ್ಟಿಯಿಂದ ಪರಿಶೀಲಿಸಿ, ಅದರ ಬೆಳಕಿನಲ್ಲಿ ಸ್ವಾಮಿಯವರ ಒಂದು ಲೇಖನದ ಕಥೆಯನ್ನು ಮತ್ತೆ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಂಶೋಧನ ಲೇಖನಕ್ಕೆ ವಿಮರ್ಶೆಯ ಹಂಗೇಕೆ ಎಂಬ ಪ್ರಶ್ನೆ ಏಳಬಹುದು. ‘ಕವಿರಾಜಮಾರ್ಗ’ದಂಥ ಲಕ್ಷಣಗ್ರಂಥದಿಂದ ತನ್ನ ಗ್ರಂಥಸ್ಥ ಪರಂಪರೆಯನ್ನು ಆರಂಭಿಸಿದ ಭಾಷೆಗೆ ಈ ಪ್ರಶ್ನೆ ಕಷ್ಟವಾಗಬಾರದು. ಪ್ರತಿಯೊಂದು ನಿಯತಕಾಲಿಕವೂ ಪ್ರಕಟಿಸುವ ‘ಲೇಖಕರಿಗೆ ಸೂಚನೆಗಳು’ ಎಂಬ ಕೆಲವು ಪುಟಗಳು ವಾಸ್ತವವಾಗಿ ಒಂದು ಲಕ್ಷಣಗ್ರಂಥವೇ. ಯಾವುದು ದೋಷ, ಯಾವುದು ಗುಣ, ಅಂಗಗಳೆಷ್ಟು, ಅವುಗಳ ಕ್ರಮವೇನು ಎಂಬುದೆಲ್ಲ ಅಲ್ಲಿ ವಿಧಿಸಲ್ಪಟ್ಟಿರುತ್ತದೆ. ಪೀಠಿಕೆ, ಸಾಮಗ್ರಿ ಮತ್ತು ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಅಂಗಗಳ ವಿನ್ಯಾಸ ಇಪ್ಪತ್ತನೆಯ ಶತಮಾನದಲ್ಲಿ ನೆಲೆಗೊಂಡಿತು. 1887ರಲ್ಲಿ ಆರಂಭವಾದ ‘ಆನಲ್ಸ್ ಆಫ್ ಬಾಟನಿ’ ಇಂದು ಸಾರಾಂಶವನ್ನು ಕೂಡ ಹಿನ್ನೆಲೆ ಮತ್ತು ಉದ್ದೇಶ, ವಿಧಾನ, ಮುಖ್ಯ ಫಲಿತಾಂಶ, ತೀರ್ಮಾನ ಎಂಬ ಉಪಶೀರ್ಷಿಕೆಗಳಲ್ಲಿ ಕೇಳುತ್ತದೆ. ಹಳೆಯ ಸಂಪುಟಗಳ ವಿಸ್ತಾರವಾದ, ಒಂದಕ್ಕೊಂದು ಹೊಸೆದುಕೊಂಡು ಹೋಗುವ ಗದ್ಯವನ್ನು ಓದಿದವರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂಬುದು ತಿಳಿದೀತು.

ಈ ಪ್ರಕಾರದ ಮೇಲಿನ ಅತ್ಯಂತ ತೀಕ್ಷ್ಣವಾದ ಆಕ್ಷೇಪ ಬಂದದ್ದು ವಿಜ್ಞಾನದ ಒಳಗಿನಿಂದಲೇ. ನೊಬೆಲ್ ಪುರಸ್ಕೃತ ಜೀವವಿಜ್ಞಾನಿ ಪೀಟರ್ ಮೆಡಾವರ್ 1963ರ ತಮ್ಮ ಬಿಬಿಸಿ ಭಾಷಣದಲ್ಲಿ ವೈಜ್ಞಾನಿಕ ಲೇಖನವು ಒಂದು ವಂಚನೆಯೇ ಎಂದು ಕೇಳಿದರು. ಅದರಲ್ಲಿನ ಸಂಗತಿಗಳು ಸುಳ್ಳೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಆ ಸಂಗತಿಗಳನ್ನು ತಲುಪಿದ ಆಲೋಚನೆಯ ದಾರಿಯನ್ನು ಲೇಖನದ ವಿನ್ಯಾಸ ತಪ್ಪಾಗಿ ತೋರಿಸುತ್ತದೆ ಎಂಬುದು ಅವರ ವಾದ. ಪೂರ್ವಗ್ರಹವಿಲ್ಲದೆ ನೋಡಿದೆ, ಕಂಡೆ, ತೀರ್ಮಾನಿಸಿದೆ ಎಂಬ ನಟನೆ ಅದು. ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧವನ್ನು ಏಕೆ ಒಪ್ಪಲಾರೆನೆಂಬುದು ಮುಂದಿನ ಉದಾಹರಣೆಯಿಂದ ತಿಳಿಯುತ್ತದೆ.

ಮೆಂಡೆಲನ ಪ್ರಸಂಗ ಎಲ್ಲರಿಗೂ ಪರಿಚಿತ. 1865ರಲ್ಲಿ ಓದಿ 1866ರಲ್ಲಿ ಬ್ರೂನ್ ನಗರದ ನಿಸರ್ಗವಿಜ್ಞಾನ ಸಂಘದ ಸಂಪುಟದಲ್ಲಿ ಅಚ್ಚಾದ ಬಟಾಣಿ ಗಿಡಗಳ ಲೇಖನಕ್ಕೆ 1900ರವರೆಗೆ ತಕ್ಕ ಓದುಗರು ದೊರೆಯಲಿಲ್ಲ. ಆ ಸಂಪುಟ ಯೂರೋಪಿನ ಅನೇಕ ಗ್ರಂಥಾಲಯಗಳನ್ನು ಸೇರಿತ್ತು ಎಂಬುದನ್ನು ಮಾತ್ರ ಇಲ್ಲಿ ನೆನೆದರೆ ಸಾಕು. ಅಚ್ಚಾಗುವುದು ಬೇರೆ, ಓದಿಸಿಕೊಳ್ಳುವುದು ಬೇರೆ.

ಈಗ ಸ್ವಾಮಿಯವರ ಲೇಖನ. ಬೇರಿನಿಂದ ಎಲೆಗೆ ನೀರನ್ನು ಸಾಗಿಸುವ ಕ್ಸೈಲೆಮ್ ಅಂಗಾಂಶದಲ್ಲಿ ಎರಡು ಬಗೆಯ ಕೋಶಗಳು ಮುಖ್ಯ. ಟ್ರಾಕೀಡಿನ ತುದಿ ಮುಚ್ಚಿರುತ್ತದೆ; ನೀರು ಒಂದರಿಂದ ಇನ್ನೊಂದಕ್ಕೆ ದಾಟುವುದು ಗೋಡೆಯ ಕುಳಿಗಳಲ್ಲಿರುವ ತೆಳುಪೊರೆಯ ಮೂಲಕ. ನಾಳಕೋಶದ ತುದಿಗೋಡೆಯಲ್ಲಾದರೋ ರಂಧ್ರವೇ ಇರುತ್ತದೆ. ಅಂಥ ಕೋಶಗಳು ಒಂದರ ಮೇಲೊಂದು ಕೂಡಿ ಕೊಳವೆಯಾಗುತ್ತವೆ. ಹೂಬಿಡುವ ಸಸ್ಯಗಳಲ್ಲಿ ನಾಳವಿರುವುದೇ ಸಾಮಾನ್ಯ, ಇಲ್ಲದವು ಕೆಲವೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಇರ್ವಿಂಗ್ ಬೈಲಿ ಮತ್ತು ಅವರ ಶಿಷ್ಯವರ್ಗ ಈ ನಾಳರಹಿತ ಸಸ್ಯಗಳಲ್ಲಿ ಹೂಗಿಡಗಳ ಪ್ರಾಚೀನ ಸ್ಥಿತಿಯ ಉಳಿಕೆಯನ್ನು ಕಂಡರು. ಹೀಗಿರುವಾಗ ಕ್ಲೊರಾಂತೇಸಿ ಕುಟುಂಬದ ಸಾರ್ಕಾಂಡ್ರ ಎಂಬ ಕುಲದಲ್ಲಿ ನಾಳಗಳಿಲ್ಲವೆಂದು ತೋರಿದ್ದು ಸಣ್ಣ ವಿಷಯವಾಗಿರಲಿಲ್ಲ. ಸ್ವಾಮಿ ಮತ್ತು ಬೈಲಿ ಜೊತೆಯಾಗಿ ಬರೆದ ಆ ಲೇಖನ 1950ರಲ್ಲಿ ‘ಜರ್ನಲ್ ಆಫ್ ದಿ ಆರ್ನಾಲ್ಡ್ ಆರ್ಬೊರೇಟಂ’ನ 31ನೆಯ ಸಂಪುಟದಲ್ಲಿ ಪ್ರಕಟವಾಯಿತು. ಸಾರ್ಕಾಂಡ್ರ ನಾಳರಹಿತವಾದ ಕುಲ ಎಂಬ ತೀರ್ಪು ಅದರ ಶೀರ್ಷಿಕೆಯಲ್ಲಿಯೇ ಇದೆ. ದಕ್ಷಿಣ ಭಾರತದ ಸಾರ್ಕಾಂಡ್ರವೊಂದನ್ನು ಸ್ವಾಮಿಯವರು ಮುಂದೆ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ‘ಇರ್ವಿಂಗ್‌ಬೈಲಿಯೈ’ ಎಂದು ಗುರುವಿನ ಹೆಸರನ್ನಿಟ್ಟರು.

ಮೂವತ್ತೇಳು ವರ್ಷಗಳ ಅನಂತರ, 1987ರಲ್ಲಿ, ಶೆರ್ವಿನ್ ಕಾರ್ಲ್‌ಕ್ವಿಸ್ಟ್ ‘ಅಮೆರಿಕನ್ ಜರ್ನಲ್ ಆಫ್ ಬಾಟನಿ’ಯಲ್ಲಿ ಸಾರ್ಕಾಂಡ್ರದ ದಾರುವಿನಲ್ಲಿ ನಾಳಗಳಿವೆಯೆಂದು ಪ್ರಕಟಿಸಿದರು, ಅವು ಸಿಕ್ಕಿದ್ದು ಬೇರಿನಲ್ಲಿ. ಮರುವರ್ಷವೇ ಜಪಾನಿನ ತಾಕಾಹಾಶಿಯವರು ಕಾಂಡದ ಕ್ಸೈಲೆಮಿನಿಂದಲೂ ಪೂರಕ ಸಾಕ್ಷ್ಯವನ್ನು ಒದಗಿಸಿದರು. ಹಾಗಾದರೆ 1950ರ ಲೇಖನ ತಪ್ಪೇ? ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಸಾಲದು. ಇಲ್ಲಿ ಚರ್ಚೆಗೊಳಗಾಗಿರುವುದು ಒಂದು ಪೊರೆ. ಅದು ಗೋಡೆಯ ಕುಳಿಯಲ್ಲಿ ಪೂರ್ತಿಯಾಗಿ ಉಳಿದಿದ್ದರೆ ಆ ಕೋಶ ಟ್ರಾಕೀಡು. ಕರಗಿ ತೆರವಾಗಿದ್ದರೆ ನಾಳಕೋಶ. ಜಾಳುಜಾಳಾಗಿ ಅರೆಬರೆ ಉಳಿದಿದ್ದರೆ ನಡುವಣ ಸ್ಥಿತಿ. ರಾಸಾಯನಿಕಗಳಲ್ಲಿ ಅಂಗಾಂಶವನ್ನು ಬಿಡಿಸುವಾಗ ಆ ಪೊರೆ ಹರಿಯಬಹುದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣದೆಯೂ ಹೋಗಬಹುದು. ಆದ್ದರಿಂದ ಇಂಥ ಲೇಖನದಲ್ಲಿ ಪ್ರತಿಯೊಂದು ತೀರ್ಮಾನದ ಬೆಲೆ ನಿಂತಿರುವುದು ಓದುಗರು ಸಾಮಾನ್ಯವಾಗಿ ದಾಟಿಹೋಗುವ ‘ಸಾಮಗ್ರಿ ಮತ್ತು ವಿಧಾನ’ದ ಭಾಗದ ಮೇಲೆ. ಯಾವ ಗಿಡ, ಯಾವ ಅಂಗ, ಎಷ್ಟು ವಯಸ್ಸಿನದು, ಹೇಗೆ ಕೊಯ್ದದ್ದು, ಯಾವುದರಲ್ಲಿ ನೋಡಿದ್ದು?

ಕನ್ನಡದಲ್ಲಿ ‘ಇಲ್ಲ’ ಎಂಬ ಮಾತಿಗೂ ‘ಕಾಣಲಿಲ್ಲ’ ಎಂಬ ಮಾತಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ‘ಕಾಣಲಿಲ್ಲ’ ಎಂದಾಗ ನೋಡಿದವನೊಬ್ಬ ಇದ್ದಾನೆ, ಅವನ ಕಣ್ಣಿಗೊಂದು ಮಿತಿಯಿದೆ. ‘ಇಲ್ಲ’ ಎಂದಾಗ ನೋಡಿದವನು ಮರೆಯಾಗುತ್ತಾನೆ. ಸಂಶೋಧನ ಲೇಖನದ ಶೀರ್ಷಿಕೆಯಲ್ಲಿ ಎಡೆಯಿರುವುದು ‘ಇಲ್ಲ’ಕ್ಕೆ ಮಾತ್ರ, ‘ಕಾಣಲಿಲ್ಲ’ವನ್ನು ಉಳಿಸಿಕೊಳ್ಳುವ ಜಾಗ ವಿಧಾನದ ಭಾಗ. ಶೀರ್ಷಿಕೆ ಒಂದು ಇಡೀ ಕುಲದ ಬಗ್ಗೆ ನುಡಿಯಿತು. ಮುಂದಿನವರು ಅದನ್ನು ಸರಿಪಡಿಸಿದ್ದು ಬೇರು, ಕಾಂಡ ಎಂದು ಅಂಗಾಂಗಗಳನ್ನು ಬಿಡಿಬಿಡಿಯಾಗಿ ನೋಡುವುದರ ಮೂಲಕ. ಮೆಡಾವರ್ ಅವರ ವಾದಕ್ಕೆ ನಾನು ಪೂರ್ತಿ ಸಮ್ಮತಿಸಲಾರದಿರುವುದು ಇಲ್ಲಿಯೇ. ಆಲೋಚನೆಯ ದಾರಿಯನ್ನು ಈ ಪ್ರಕಾರ ಮರೆಮಾಚುತ್ತದೆಂಬುದು ದಿಟ. ಆದರೆ ಮತ್ತೊಬ್ಬ ಅದೇ ಗಿಡವನ್ನು ಕೊಯ್ದು ಲೇಖಕನನ್ನು ಅಲ್ಲಗಳೆಯಲು ಬೇಕಾದುದನ್ನು ಲೇಖಕನ ಕೈಯಿಂದಲೇ ಬರೆಯಿಸಿಕೊಳ್ಳುವ ಬೇರೊಂದು ಗದ್ಯಪ್ರಕಾರವನ್ನು ನಾನರಿಯೆ. ಆತ್ಮಕಥೆಯಾಗಲಿ ಪ್ರಬಂಧವಾಗಲಿ ತನ್ನ ಓದುಗನಿಗೆ ಈ ಅಧಿಕಾರವನ್ನು ಕೊಡುವುದಿಲ್ಲ.

ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಹೊಸ ಸಸ್ಯದ ಹೆಸರು ಸಿಂಧುವಾಗಬೇಕಾದರೆ 1935ರ ಜನವರಿ 1ರಿಂದ 2011ರ ಕೊನೆಯವರೆಗೆ ಲ್ಯಾಟಿನ್ ಭಾಷೆಯ ವರ್ಣನೆ ಅಥವಾ ಲಕ್ಷಣನಿರೂಪಣೆ ಕಡ್ಡಾಯವಾಗಿತ್ತು. ಮೆಲ್ಬರ್ನ್ ನಗರದಲ್ಲಿ 2011ರಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಈ ನಿಯಮವನ್ನು ಸಡಿಲಿಸಿದ ಮೇಲೆ, 2012ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ಯಾವುದಾದರೂ ಆದೀತು. ಮೂರನೆಯ ಭಾಷೆಗೆ ಅಲ್ಲಿ ಪ್ರವೇಶವಿಲ್ಲ. ಸಾರ್ಕಾಂಡ್ರದ ಹೊಸ ಪ್ರಭೇದವನ್ನು ವರ್ಣಿಸುವಾಗ ಸ್ವಾಮಿಯವರ ಮುಂದಿದ್ದದ್ದು ಲ್ಯಾಟಿನ್ ನಿಯಮವೇ. ಪಶ್ಚಿಮ ಘಟ್ಟದ ಒಂದು ಗಿಡಕ್ಕೆ ಅದರ ಕಾಡಿನ ಸುತ್ತಲಿನ ಯಾವ ನುಡಿಯಲ್ಲಿಯೂ ವೈಜ್ಞಾನಿಕ ಜನ್ಮಪತ್ರಿಕೆಯನ್ನು ಬರೆಯುವಂತಿಲ್ಲ ಎಂಬುದು ಕೆಲವರಿಗೆ ಅವಮಾನವಾಗಿ ತೋರುತ್ತದೆ. ನನಗೆ ಹಾಗೆ ತೋರುವುದಿಲ್ಲ. ಪ್ರಪಂಚದ ಎಲ್ಲ ಭಾಷೆಗಳಲ್ಲಿಯೂ ವರ್ಣನೆ ಸಲ್ಲುವುದಾದರೆ ಪೂರ್ವಪ್ರಕಟಿತ ಹೆಸರುಗಳನ್ನು ಹುಡುಕುವುದೇ ಅಸಾಧ್ಯವಾದೀತು. ಅವಮಾನವೆನ್ನಿಸಬೇಕಾದದ್ದು ಬೇರೆ: ಇಂಗ್ಲಿಷಿನಲ್ಲಿ ಆ ವರ್ಣನೆ ಅಚ್ಚಾದ ಬಳಿಕವಾದರೂ ಅದನ್ನು ಕನ್ನಡಕ್ಕೆ ತರುವ ವ್ಯವಸ್ಥೆ ನಮ್ಮಲ್ಲಿ ಬೆಳೆಯದೆ ಹೋದದ್ದು.

ಸ್ವಾಮಿಯವರು ಈ ಕೊರತೆಯನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕೈಗೊಂಡ ಸಸ್ಯಸಂಗ್ರಹ ಪ್ರವಾಸಗಳ ಕಥನ. ನಿಯತಕಾಲಿಕದ ಲೇಖನ ಹೊರಗಿಡುವ ಎಲ್ಲವೂ ಅಲ್ಲಿ ಒಳಬಂದಿದೆ: ದಾರಿ, ಊಟ, ಹುಡುಗರ ಕೀಟಲೆ, ಗಿಡವನ್ನು ತಪ್ಪಾಗಿ ಗುರುತಿಸಿದ ನಗೆಪಾಟಲು. ಲೇಖನದಲ್ಲಿ ಪ್ರಮಾಣದ ಕ್ರಮವಿದ್ದರೆ ಇಲ್ಲಿ ಕಾಣ್ಕೆಯ ಕ್ರಮವಿದೆ. ಈ ಕಾರಣದಿಂದಲೇ ‘ಹಸುರು ಹೊನ್ನು’ವನ್ನು ವಿಜ್ಞಾನದ ಶುಷ್ಕತೆಯಿಂದ ಪಡೆದ ಬಿಡುಗಡೆಯೆಂದು ಭಾವಿಸುವವರಿದ್ದಾರೆ. ಆ ಅಭಿಪ್ರಾಯ ಪುಸ್ತಕದ ಗದ್ಯವನ್ನು ಗಮನಿಸದೆ ಹುಟ್ಟಿದ್ದು. ಎಲೆಯ ಅಂಚು, ಹೂವಿನ ಜೋಡಣೆ, ಕಾಯಿ ಒಡೆಯುವ ರೀತಿಗಳನ್ನು ಅಲ್ಲಿ ವಿವರಿಸುವ ವಾಕ್ಯಗಳಲ್ಲಿ ವಿಶೇಷಣಗಳು ಮಿತವಾಗಿವೆ, ಕ್ರಿಯಾಪದಗಳು ಖಚಿತವಾಗಿವೆ. ಇದು ಆರ್ಕಿಡುಗಳ ಭ್ರೂಣವಿಜ್ಞಾನವನ್ನು ಕುರಿತು 1949ರಲ್ಲಿ ‘ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್’ಗೆ ಬರೆದ ಕೈಯ ಶಿಸ್ತು. ಪುಸ್ತಕದ ರೇಖಾಚಿತ್ರಗಳನ್ನೂ ಅವರೇ ಬರೆದರೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಭಾವಚಿತ್ರದಲ್ಲಿ ಬೇಡದ್ದೂ ಮೂಡುತ್ತದೆ. ರೇಖಾಚಿತ್ರದಲ್ಲಿ ಬರೆದವನು ಕಂಡದ್ದು ಮಾತ್ರ. ಹೀಗೆಂದ ಮಾತ್ರಕ್ಕೆ ಎರಡು ಗದ್ಯಗಳ ಬೆಸುಗೆ ಎಲ್ಲೆಲ್ಲಿಯೂ ಹದವಾಗಿದೆಯೆಂದಲ್ಲ. ನಗೆಯ ಪ್ರಸಂಗದ ನಡುವೆ ಸಸ್ಯವರ್ಣನೆ ಇದ್ದಕ್ಕಿದ್ದಂತೆ ಬಂದು ಕುಳಿತು ಓದನ್ನು ತಡೆಯುವ ಕಡೆಗಳೂ ಇವೆ.

ಇಂದಿನ ಹಸ್ತಪ್ರತಿಗಳ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸುವ ಮೊದಲು ಪರಿಶೀಲಿತ ನಿಯತಕಾಲಿಕದಲ್ಲಿ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ವಿಧಿಸಿತು; 2022ರ ನಿಯಮಾವಳಿಯಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ನಡುವಣ ಹದಿಮೂರು ವರ್ಷಗಳಲ್ಲಿ ಹಣ ಪಡೆದು, ಪರಿಶೀಲನೆಯ ಹೆಸರು ಮಾತ್ರ ಹೇಳಿ ಅಚ್ಚುಹಾಕುವ ನಿಯತಕಾಲಿಕಗಳು ನಮ್ಮ ವಿಭಾಗಗಳ ಬಾಗಿಲಿಗೇ ಬಂದವು. ಅವುಗಳನ್ನು ಬೇರ್ಪಡಿಸಲೆಂದು ಆಯೋಗ ರೂಪಿಸಿದ ಒಪ್ಪಿತ ಪಟ್ಟಿಯನ್ನು 2025ರಲ್ಲಿ ಆಯೋಗವೇ ನಿಲ್ಲಿಸಿತು. ಈ ಅವಸರದಲ್ಲಿ ಮೊದಲು ಸೊರಗಿದ್ದು ವಿಧಾನದ ಭಾಗ. ನನ್ನ ಬಳಿಗೆ ಪರಿಶೀಲನೆಗೆ ಬಂದ ಹಸ್ತಪ್ರತಿಯೊಂದು ನೆನಪಾಗುತ್ತದೆ. ಔಷಧೀಯ ಗಿಡವೊಂದರ ಎಲೆಯ ಸಾರವನ್ನು ಕುರಿತ ಲೇಖನ. ಕೋಷ್ಟಕಗಳು ಅಚ್ಚುಕಟ್ಟು, ಸಂಖ್ಯಾಶಾಸ್ತ್ರದಲ್ಲಿ ಲೋಪವಿಲ್ಲ. ಆದರೆ ಆ ಗಿಡ ಯಾವುದೆಂಬುದಕ್ಕೆ ಸಾಕ್ಷ್ಯಮಾದರಿಯನ್ನು ಯಾವ ಹರ್ಬೇರಿಯಂನಲ್ಲಿಯೂ ಇರಿಸಿರಲಿಲ್ಲ. ಎಲೆಯನ್ನು ಪೇಟೆಯಿಂದ ಕೊಂಡಿದ್ದರು. ಮಾದರಿಯ ಸಂಖ್ಯೆಯನ್ನು ಕೇಳಿ ಹಿಂದಿರುಗಿಸಿದೆ. ಮೂರು ತಿಂಗಳೊಳಗೆ ಅದೇ ಲೇಖನ, ಆ ಸಂಖ್ಯೆಯಿಲ್ಲದೆಯೇ, ಬೇರೊಂದು ಕಡೆ ಅಚ್ಚಾಗಿ ಬಂದಿತು. ಅದು ಸರಿಯೋ ತಪ್ಪೋ ಎಂದು ಹೇಳಲು ಇನ್ನು ಯಾರಿಗೂ ಸಾಧ್ಯವಿಲ್ಲ. ಯಾವ ಗಿಡವನ್ನು ಮತ್ತೆ ಪರೀಕ್ಷಿಸಬೇಕೆಂಬುದೇ ತಿಳಿಯದು. ಸಾರ್ಕಾಂಡ್ರದ ಲೇಖನವನ್ನು ತಿದ್ದಲು ಬಂತು, ಇದನ್ನು ತಿದ್ದಲು ಬರುವುದಿಲ್ಲ. ಹೊಸ ಜೀವಿಯ ವಿಷಯದಲ್ಲಿ ಮಾದರಿಯನ್ನು ನಿಯೋಜಿತ ಸಂಗ್ರಹಾಲಯದಲ್ಲಿ ಒಪ್ಪಿಸಬೇಕೆಂದು 2002ರ ಜೈವಿಕ ವೈವಿಧ್ಯ ಅಧಿನಿಯಮವೇ ಹೇಳುತ್ತದೆ. ಪರಿಚಿತ ಗಿಡದ ವಿಷಯದಲ್ಲಿ ಮಾತ್ರ ಎಲ್ಲವೂ ಲೇಖಕನ ಮತ್ತು ಸಂಪಾದಕನ ಮನಸ್ಸಾಕ್ಷಿಗೆ ಬಿಟ್ಟದ್ದು.

ಸ್ವಾಮಿಯವರ ಕನ್ನಡ ಕೃತಿಗಳು ಮರುಮುದ್ರಣಗಳನ್ನು ಕಾಣುತ್ತಿವೆ. ಅವರ ವೈಜ್ಞಾನಿಕ ಲೇಖನಗಳನ್ನು ಕನ್ನಡದ ಓದುಗ ಮಾತ್ರ ಈಗಲೂ ಚದುರಿದ ಸಂಪುಟಗಳಲ್ಲಿಯೇ ಅರಸಬೇಕು. 1990ರಲ್ಲಿ ನಿಂತುಹೋದ ‘ಜರ್ನಲ್ ಆಫ್ ದಿ ಆರ್ನಾಲ್ಡ್ ಆರ್ಬೊರೇಟಂ’ನ ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತವೆ. ಆ ಲೇಖನಗಳ ಒಂದು ಸಮಗ್ರ ಸೂಚಿಯನ್ನೂ, ಆಯ್ದ ಕೆಲವನ್ನು ಅವುಗಳ ಚಿತ್ರಫಲಕಗಳೊಂದಿಗೆ ಕನ್ನಡದಲ್ಲಿ ಟಿಪ್ಪಣಿಸಹಿತವಾಗಿಯೂ ಹೊರತರುವ ಕೆಲಸವನ್ನು ಯಾವುದಾದರೊಂದು ಅಕಾಡೆಮಿ ಕೈಗೆತ್ತಿಕೊಳ್ಳಬೇಕು. ಸಾರ್ಕಾಂಡ್ರದ ಲೇಖನವನ್ನು ಅಲ್ಲಿ ಸೇರಿಸುವುದಾದರೆ, ಕಾರ್ಲ್‌ಕ್ವಿಸ್ಟ್ ಮತ್ತು ತಾಕಾಹಾಶಿಯವರ ತಿದ್ದುಪಡಿಗಳ ಸಾರವನ್ನು ಅದರ ಬೆನ್ನಿಗೇ ಅಚ್ಚುಮಾಡುವುದು ಯೋಗ್ಯ.