ವೊಲ್ಜಿಗೆ ಹಗಲಲ್ಲಿ ಹೋಗಿ

ದಕ್ಷಿಣ ಕೊರಿಯಾದ ಗ್ಯೋಂಗ್ಜುಗೆ ಹೋಗಿಬಂದವರ ಫೋನಿನಲ್ಲೆಲ್ಲ ವೊಲ್ಜಿ ಕೊಳದ ಒಂದೇ ಫೋಟೊ: ಕತ್ತಲು, ಹೊನ್ನಬಣ್ಣದ ದೀಪಗಳು, ನೀರಲ್ಲಿ ತಲೆಕೆಳಗಾದ ಮಂಟಪ. ಕೊರಿಯನ್ ಧಾರಾವಾಹಿ ನೋಡಿ ಹೊರಟವರಿಗೆ ಅಷ್ಟೇ ಸಾಕು. ಆದರೆ ಆ ಮಂಟಪಗಳು 1980ರಲ್ಲಿ ಮತ್ತೆ ಕಟ್ಟಿದವು. ಇಲ್ಲಿಂದ ಆಳಿದ ಸಿಲ್ಲಾ ಅರಸರ ಕಾಲದ ಜಾಣ್ಮೆ ಬೇಕಿದ್ದರೆ ಹಗಲಲ್ಲಿ ಕೊಳದ ದಡ ನೋಡಿ.

ಅರಮನೆ ಇದ್ದ ಪಶ್ಚಿಮದ ದಡ ಎತ್ತರದ ಕಲ್ಲುಗೋಡೆ. ನೇರವಾಗಿ ಹೋಗಿ ಮೂಲೆಮೂಲೆಯಾಗಿ ತಿರುಗುತ್ತದೆ. ಎದುರು ದಡಕ್ಕೆ ಆ ಶಿಸ್ತಿಲ್ಲ. ಅದು ಒಳಸರಿದು, ಹೊರಚಾಚಿ, ಮತ್ತೆ ಬಾಗಿ ಸಾಗುತ್ತದೆ. ನಡುವೆ ಮೂರು ದ್ವೀಪಗಳು. ಇದರಿಂದಾಗಿ ಎಲ್ಲಿ ನಿಂತರೂ ಕೊಳ ಪೂರ್ತಿ ಕಾಣುವುದಿಲ್ಲ. ಒಂದಿಷ್ಟು ನೀರು ಯಾವಾಗಲೂ ಯಾವುದೋ ತಿರುವಿನ ಹಿಂದೆ ಉಳಿದಿರುತ್ತದೆ. ಕಣ್ಣಿಗೆ ಅದು ಕೊಳವಲ್ಲ, ಕಡಲು. ನನಗೆ ಈ ದಡದ ಹುಚ್ಚು ಹತ್ತಿಸಿದ್ದು ಒಂದು ಬಾತುಕೋಳಿ. ಜಿನುಗು ಮಳೆಯ ಬೆಳಗ್ಗೆ ಪೂರ್ವದ ದಡದಲ್ಲಿ ನಿಂತಿದ್ದೆ. ಅದು ದ್ವೀಪದ ಹಿಂದೆ ಮರೆಯಾಯಿತು. ಈಗ ಈಚೆ ಬರುತ್ತದೆಂದು ಕಾದೆ, ಬರಲಿಲ್ಲ. ನಾಲ್ಕು ಹೆಜ್ಜೆ ನಡೆದೆ; ಅಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಕೊಲ್ಲಿ, ಅದರಲ್ಲಿ ಬಾತು. ಆಮೇಲೆ ಸೋಲ್‌ನಲ್ಲಿ ಗ್ಯೋಂಗ್‌ಹೊಯೆರು ಮಂಟಪದ ಚೌಕಾಕಾರದ ಕೊಳ ನೋಡಿದೆ. 48 ಕಲ್ಲುಕಂಬಗಳು, ಭರ್ಜರಿ ಕಟ್ಟಡ, ಒಪ್ಪಿದೆ. ಆದರೆ ಒಂದೇ ನೋಟಕ್ಕೆ ನೀರೆಲ್ಲ ಮುಗಿದುಹೋಯಿತು.

ನೀರು ಒಳಬರುವ ಆಗ್ನೇಯ ಮೂಲೆಯನ್ನೂ ಬಿಡಬೇಡಿ. ಎರಡು ಕಲ್ಲುತೊಟ್ಟಿಗಳು ಒಂದರ ಕೆಳಗೊಂದು ಕೂತಿವೆ. ಮೇಲಿನದರಿಂದ ಕೆಳಗಿನದಕ್ಕೆ ಇಳಿದು, ವೇಗ ಕಳೆದುಕೊಂಡೇ ನೀರು ಮುಂದೆ ಹೋಗಬೇಕು. ಇಲ್ಲಿ ಯಾರೂ ಫೋಟೊ ತೆಗೆಯುವುದಿಲ್ಲ, ಪುಣ್ಯಕ್ಕೆ.

ಚರಿತ್ರೆ ಚಿಕ್ಕದು. ಸಿಲ್ಲಾದ ಮುನ್ಮು ಅರಸ 674ರಲ್ಲಿ ಕೊಳ ತೋಡಿಸಿ, ಗುಡ್ಡ ಮಾಡಿಸಿ, ಹೂಗಿಡ ನೆಡಿಸಿ, ಅಪರೂಪದ ಹಕ್ಕಿ-ಮೃಗಗಳನ್ನು ಸಾಕಿಸಿದ ಎಂದು ಹಳೆಯ ಚರಿತ್ರೆಗ್ರಂಥ 'ಸಾಮ್ಗುಕ್ ಸಾಗಿ' ಹೇಳುತ್ತದೆ. ಚೀನಾದ ಟಾಂಗ್ ಸೇನೆಯೊಡನೆ ಯುದ್ಧ ಆಗಿನ್ನೂ ಮುಗಿದಿರಲಿಲ್ಲ! 931ರಲ್ಲಿ ಕೊನೆಯ ಅರಸ ಗ್ಯೋಂಗ್‌ಸುನ್, ಗೊರ್ಯೊ ರಾಜ್ಯದ ಅರಸ ವಾಂಗ್ ಗೊನ್‌ಗೆ ಇಲ್ಲಿ ಔತಣ ಕೊಟ್ಟ; 935ರಲ್ಲಿ ರಾಜ್ಯವನ್ನೇ ಕೊಟ್ಟ. ಮುಂದೆ ಜೊಸೊನ್ ವಂಶದ ಕಾಲಕ್ಕೆ ಕೊಳ ಹಾಳುಬಿದ್ದು ಅನಾಪ್ಜಿ, ಅಂದರೆ ಬಾತು-ಹೆಬ್ಬಾತುಗಳ ಕೊಳ, ಅನ್ನಿಸಿಕೊಂಡಿತು.

1975-76ರ ಉತ್ಖನನದಲ್ಲಿ ಕೆಸರಿನಿಂದ 30,000ಕ್ಕೂ ಹೆಚ್ಚು ವಸ್ತುಗಳು ಎದ್ದುಬಂದವು. ಮರದ ದೋಣಿ, ದೀಪದ ಬತ್ತಿ ಕತ್ತರಿಸುವ ಚಿನ್ನಲೇಪದ ಕತ್ತರಿ, ಜೊತೆಗೆ ಹದಿನಾಲ್ಕು ಮುಖದ ಒಂದು ದಾಳ. ಕುಡಿತದ ಕೂಟದಲ್ಲಿ ಅದನ್ನು ಉರುಳಿಸಿದರೆ ಸದ್ದಿಲ್ಲದೆ ಕುಣಿ, ಒಮ್ಮೆಗೇ ಮೂರು ಬಟ್ಟಲು ಕುಡಿ ಎಂಬಂಥ ಅಪ್ಪಣೆಗಳು ಬೀಳುತ್ತಿದ್ದವು. ಮೂಲ ದಾಳ ಒಣಗಿಸುವಾಗ ಸುಟ್ಟುಹೋಯಿತು. ಅದರ ನಕಲನ್ನು ಅಂಗಡಿಯಲ್ಲಿ ಕೊಂಡು ತಂದು ಟೀಪಾಯಿಯ ಮೇಲಿಟ್ಟವರನ್ನು ಕೇಳಿನೋಡಿ, ಪೂರ್ವದ ದಡಕ್ಕೆ ಕಾಲಿಟ್ಟಿದ್ದರಾ ಅಂತ.