ಸುಣ್ಣ ಬಳಿದರೆ ಹೋಟೆಲು ಹೊಸದಾಗುವುದೇ?

ನಮ್ಮ ನಿಂಬರ್ಗಾದಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಹಳೆಯ ಹೋಟೆಲಿದೆ. ಅದೇ ಮಾಲಕರ ಪಕ್ಕದ ಎರಡು ಮಳಿಗೆಗಳು ಬಹಳ ದಿನಗಳಿಂದ ಬಾಗಿಲು ಹಾಕಿವೆ. ಸೂಸಲಾ, ಮಿರ್ಚಿ, ಚಹಾದ ಜೊತೆಗೆ ಇಲ್ಲಿ ತೊಗರಿಯ ದರ, ಮಗಳ ಮದುವೆ, ಕೋರ್ಟಿನ ತಾರೀಖು ಎಲ್ಲವೂ ಚರ್ಚೆಯಾಗುತ್ತವೆ. ಈಗೀಗ ಮಂದಿ ಕಡಿಮೆ. ಮೊನ್ನೆ ಮಾಲಕರು ಕೇಳಿದರು: “ಎಸಿ ಕೂಡಿಸಿ ಗಾಜಿನ ಬಾಗಿಲ ಹಚ್ಚಿದ್ರ ಮಂದಿ ಬರ್ತಾರೇನ್ರಿ?”

ಈ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಇಂಡಿಯನ್ ಕಾಫಿ ಹೌಸ್. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯಲ್ಲಿ 1959ರಿಂದ ನಡೆದ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾಯಿತು. ಅದು ಚರ್ಚ್ ಸ್ಟ್ರೀಟಿನ ಒಂದು ವಾಣಿಜ್ಯ ಕಟ್ಟಡಕ್ಕೆ ಹೋಯಿತು. ಗೋಡೆ ಬದಲಾಯಿತು; ಪೇಟ ಸುತ್ತಿದ ನೌಕರರು ಮತ್ತು ಒಂದು ಕಪ್ ಕಾಫಿಗೆ ಹೊತ್ತು ಕಳೆಯುವ ರೂಢಿ ಜೊತೆಗೇ ಬಂದವು. ಬಡಿಸುವವರೇ ಒಡೆಯರಾದ ಕಡೆ ಗಿರಾಕಿಯನ್ನು ಎಬ್ಬಿಸುವ ಆತುರ ಕಡಿಮೆ ಎಂದು ನನ್ನ ಅನಿಸಿಕೆ.

ಅದೇ ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಹೊಸ ಕಲ್ಲುಹಾಸು ಬಂತು. 2020ರ ಕೊನೆಗೆ ವಾರಾಂತ್ಯಗಳಲ್ಲಿ ವಾಹನಗಳನ್ನೂ ತಡೆದು ನೋಡಿದರು. ರಸ್ತೆಗೆ ಜೀವ ಬಂದದ್ದು ನಿಜ. ಆದರೆ ಅಲ್ಲಿ ನಡೆಯುವುದು ಪುಕ್ಕಟೆ. ಕೂರಬೇಕೆಂದರೆ ಹೆಚ್ಚಿನ ಕಡೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಜನ ಸೇರುವುದು ಬೇರೆ, ಗಿರಾಕಿ ಸೇರುವುದು ಬೇರೆ. ನವೀಕರಣದ ಬಹುತೇಕ ಯೋಜನೆಗಳು ಸೋಲುವುದು ಈ ವ್ಯತ್ಯಾಸ ಮರೆತಾಗ.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೂರುವಂತಿಲ್ಲ. ಬ್ರಾಹ್ಮಣರಿಗೆಂದು ಬೇರೆ ಕೋಣೆ ಇಟ್ಟ ಹೋಟೆಲುಗಳು ನಮ್ಮ ನಾಡಿನಲ್ಲಿದ್ದವು. ದಲಿತರಿಗೆ ಹೊರಗೆ ಬೇರೆ ಕಪ್ಪು ಇಟ್ಟ ಚಹಾದಂಗಡಿಗಳೂ ಇದ್ದವು. ಆ ಕಟ್ಟುಪಾಡು ಮುರಿಯಲು ಕಾನೂನೂ ಹೋರಾಟವೂ ಬೇಕಾದವು. ಹೆಂಗಸರ ವಿಷಯದಲ್ಲಿ ಮಾತ್ರ ನಾವು ಕಾನೂನಿನ ನೆಪವನ್ನೂ ಹೇಳುವಂತಿಲ್ಲ. ನಮ್ಮೂರ ಹೋಟೆಲಿನ ಎದುರು ಹೆಣ್ಣುಮಕ್ಕಳು ಬಸ್ಸಿಗಾಗಿ ಬಿಸಿಲಲ್ಲಿ ನಿಲ್ಲುತ್ತಾರೆ. ಒಳಗೆ ಗಂಡಸರು ಫ್ಯಾನಿನ ಕೆಳಗೆ ನ್ಯಾಯದ ಮಾತಾಡುತ್ತಾರೆ. ಆ ಗಂಡಸರಲ್ಲಿ ನಾನೂ ಒಬ್ಬ. ನನ್ನ ಕತೆಗಳ ಹೆಂಗಸರು ಧೈರ್ಯವಾಗಿ ಹೋಟೆಲಿಗೆ ಹೋಗುತ್ತಾರೆ. ನನ್ನ ಹೆಂಡತಿ ಆ ಹೋಟೆಲಿನ ಮೆಟ್ಟಿಲು ಹತ್ತಿಲ್ಲ.

ಆದ್ದರಿಂದ ಮಾಲಕರಿಗೆ ಹೇಳಿದೆ: ಎಸಿ ಆಮೇಲೆ ನೋಡೋಣ. ಮೊದಲು ಹೆಣ್ಣುಮಕ್ಕಳಿಗೆ ಚಿಲಕವಿರುವ, ನೀರಿರುವ ಪಾಯಖಾನೆ ಕಟ್ಟಿಸಿ. ಮುಚ್ಚಿದ ಒಂದು ಮಳಿಗೆ ತೆರೆದು ಬೆಂಚು ಹಾಕಿ, ಕನ್ನಡ ಮತ್ತು ಉರ್ದು ಪತ್ರಿಕೆ ಇಡಿ. ಪರದೆಯ ಕೋಣೆ ಬೇಡ. ಚಹಾದ ದರ ಏರಿಸಬೇಡಿ.

ಅವರು ನಕ್ಕರು. “ಹೆಣ್ಮಕ್ಕಳು ಬಂದು ಕುಂತ್ರ ಗಂಡಸ್ರು ಎದ್ದು ಹೋಗ್ತಾರ್ರೀ.”

“ಹೋಗ್ಲಿ ಬಿಡ್ರಿ, ಮರುದಿನ ಚಹಾಕ್ಕ ಬಂದೇ ಬರ್ತಾರ” ಎಂದೆ.

ಹೇಳುವುದು ಸುಲಭ. ಬಾಗಿಲು ತೆರೆದ ಮೊದಲ ದಿನ ಹೆಂಡತಿಯೊಡನೆ ಹೋಗಿ ನಡುವಿನ ಟೇಬಲ್ಲಿಗೆ ಕೂರುತ್ತೇನೆಯೇ ಎಂಬುದನ್ನು ನಾನೂ ಕೇಳಿಕೊಳ್ಳಬೇಕಾಗಿದೆ.