ಎಣ್ಣೆಪದರದ ಅಣುಲೆಕ್ಕ: ಎಷ್ಟು ನಂಬಬೇಕು?

ರಾಮಗಿರಿ, ಹೊಳಲ್ಕೆರೆ ಬಿಟ್ಟು ಚಿತ್ರದುರ್ಗದ ಕಡೆ ಹೊರಟವರಿಗೆ ಜೋಗಿಮಟ್ಟಿಯ ಗಾಳಿಯಂತ್ರಗಳು ಹೊಸತೇನಲ್ಲ. ಅವುಗಳಲ್ಲಿ ಗೇರ್‌ಬಾಕ್ಸ್ ಇರುವಂಥವನ್ನು ನೋಡಿ: ರೆಕ್ಕೆ ನಿಧಾನ, ಜನರೇಟರ್ ಜೋರು, ನಡುವಿನ ಹೊರೆಯೆಲ್ಲ ಹಲ್ಲುಗಳ ಮೇಲೆ. ಹಲ್ಲಿಗೆ ಹಲ್ಲು ಕೂಡುವಲ್ಲಿ ಒತ್ತಡ ಒಂದು ಗಿಗಾಪಾಸ್ಕಲ್ ಆಸುಪಾಸು, ಅಂದರೆ ವಾಯುಮಂಡಲದ ಒತ್ತಡದ ಸುಮಾರು 10,000 ಪಟ್ಟು. ಉಕ್ಕು ಉಕ್ಕಿಗೆ ತಾಗದಂತೆ ಕಾಯುವ ಎಣ್ಣೆಪದರ ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ. ಅಲ್ಲಿಗೆ ಇಣುಕುವುದು ಕಷ್ಟ. ಆದ್ದರಿಂದಲೇ ಕಂಪ್ಯೂಟರಿನಲ್ಲಿ ಎಣ್ಣೆಯ ಅಣುಗಳನ್ನು ಎರಡು ಗೋಡೆಗಳ ನಡುವೆ ಅದುಮಿ, ಗೋಡೆಯನ್ನು ಎಳೆದು ನೋಡುವ ಸಿಮ್ಯುಲೇಶನ್ ಪದ್ಧತಿ ಬೆಳೆದು ಬಂತು.

ಇದರಿಂದ ಆದ ಲಾಭ ಸಣ್ಣದಲ್ಲ. 1990ರಲ್ಲಿ ಪೀಟರ್ ಥಾಂಪ್ಸನ್ ಮತ್ತು ಮಾರ್ಕ್ ರಾಬಿನ್ಸ್, ತೆಳು ಪದರ ಗಟ್ಟಿಯಾಗಿ, ಮತ್ತೆ ಕರಗಿ, ಮತ್ತೆ ಗಟ್ಟಿಯಾಗುವುದರಿಂದಲೇ ಜಾರುವಿಕೆ ತಡೆತಡೆದು ಸಾಗುತ್ತದೆಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಜಿ. ಅಯ್ಯಪ್ಪ ಅವರ ತಂಡ ಕಾಗೆಬಂಗಾರದ ಹಾಳೆಗಳ ನಡುವೆ ಸಿಕ್ಕ ದ್ರವ ಹೇಗೆ ಪದರಪದರವಾಗಿ ಹೆಪ್ಪುಗಟ್ಟುತ್ತದೆಂದು ಇದೇ ದಾರಿಯಲ್ಲಿ ಅಧ್ಯಯನ ಮಾಡಿದೆ. ಇಂಥ ತಿಳಿವಳಿಕೆ ಬರೀ ಪ್ರಯೋಗದಿಂದ ದಕ್ಕುವುದಿಲ್ಲ. ಈ ಮಟ್ಟಿಗೆ ನನಗೆ ಪದ್ಧತಿಯ ಮೇಲೆ ಪೂರ್ಣ ಗೌರವವಿದೆ.

ತಕರಾರು ಇರುವುದು ಘರ್ಷಣೆಯ ಅಂಕಿಗಳನ್ನು ನೇರವಾಗಿ ಯಂತ್ರಕ್ಕೆ ಅನ್ವಯಿಸುವಲ್ಲಿ. ಅರ್ಧ ಮೈಕ್ರಾನ್ ದಪ್ಪದ ಪದರದ ಮೇಲೆ ಲೋಹ ಸೆಕೆಂಡಿಗೆ 1 ಮೀಟರ್ ಜಾರಿದರೆ ಶಿಯರ್ ದರ, ಅಂದರೆ ವೇಗವನ್ನು ಪದರದ ದಪ್ಪದಿಂದ ಭಾಗಿಸಿದ್ದು, ಸೆಕೆಂಡಿಗೆ 20 ಲಕ್ಷ. ಸಿಮ್ಯುಲೇಶನ್ನಿನಲ್ಲಿ ಪದರ 10 ನ್ಯಾನೋಮೀಟರ್, ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟರೆ ಅದು 100 ಕೋಟಿಗೆ ಏರುತ್ತದೆ. ಐನೂರು ಪಟ್ಟು ವ್ಯತ್ಯಾಸ! ವೇಗ ತಗ್ಗಿಸಬಾರದೇಕೆ? ಲೆಕ್ಕ ಸಾಗುವುದು ಒಂದೊಂದು ಫೆಮ್ಟೋಸೆಕೆಂಡಿನ ಹೆಜ್ಜೆಯಲ್ಲಿ. ನಿಜವಾದ ದರದಲ್ಲಿ ಪದರ ತನ್ನ ದಪ್ಪದಷ್ಟು ಒಮ್ಮೆ ಜಾರಲು 50 ಕೋಟಿ ಹೆಜ್ಜೆ ಬೇಕು. ಅಷ್ಟು ಕಾದರೂ ಅಣುಗಳ ಉಷ್ಣದ ಗದ್ದಲದಲ್ಲಿ ಘರ್ಷಣೆಯ ಸಣ್ಣ ಸುಳಿವು ಮುಳುಗಿಹೋಗುತ್ತದೆ. ದೊಡ್ಡ ಕಂಪ್ಯೂಟರ್ ಬಂದರೂ ಸಮಸ್ಯೆ ಪೂರ್ತಿ ನೀಗದು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಹೆಚ್ಚು ಅಣುಗಳನ್ನು ಹೊರಬಲ್ಲದು. ಆದರೆ ಒಂದು ಹೆಜ್ಜೆ ಮುಗಿಯದೆ ಮುಂದಿನದನ್ನು ಇಡಲಾಗದು.

ಉಳಿದ ದಾರಿ ಒಂದೇ, ಹೆಚ್ಚಿನ ದರದ ಫಲಿತಾಂಶದಿಂದ ಕಡಿಮೆ ದರದ್ದನ್ನು ಊಹಿಸುವುದು. 2017ರಲ್ಲಿ ವಿಕ್ರಮ್ ಜಾಧಾವ್ ಮತ್ತು ರಾಬಿನ್ಸ್ ಸ್ಕ್ವಾಲೇನ್ ಎಂಬ ಮಾದರಿ ಎಣ್ಣೆಯ ಮೇಲೆ ಇದನ್ನು ಎಚ್ಚರದಿಂದ ಮಾಡಿ, ಪ್ರಯೋಗದೊಂದಿಗೆ ತಾಳೆ ನೋಡಿದರು. ಮೆಚ್ಚಬೇಕಾದ ಕೆಲಸ. ತಾಳೆ ನೋಡದೆ ಗೆರೆಯನ್ನು ಹಿಂದಕ್ಕೆ ಎಳೆದುಬಿಡುವವರಿಗೆ ಮಾತ್ರ ಅದೇ ಮರ್ಯಾದೆ ಸಲ್ಲದು. ಶಿಯರ್ ದರ ಬದಲಾದಂತೆ ಸ್ನಿಗ್ಧತೆ ಹೇಗೆ ಬದಲಾಗುತ್ತದೆಂದು ಹೇಳುವ ಸೂತ್ರಗಳಲ್ಲಿ ಐರಿಂಗ್ ಸೂತ್ರ ಹಿಡಿದರೆ ಒಂದು ಉತ್ತರ, ಕ್ಯಾರೋ ಸೂತ್ರ ಹಿಡಿದರೆ ಇನ್ನೊಂದು.

ಇನ್ನೆರಡು ಎಡವಟ್ಟುಗಳಿವೆ. ಉಜ್ಜಾಟದಿಂದ ಹುಟ್ಟಿದ ಶಾಖವನ್ನು ನಿಜಯಂತ್ರದಲ್ಲಿ ಗೋಡೆಯೇ ಹೊರಗೆಳೆಯಬೇಕು. ಬದಲಿಗೆ ಸಿಮ್ಯುಲೇಶನ್ನಿನಲ್ಲಿ ಎಣ್ಣೆಯ ಅಣುಗಳನ್ನೇ ನೇರವಾಗಿ ತಂಪು ಮಾಡಿದರೆ ಅವುಗಳ ಚಲನೆಯೇ ಕೆಡುತ್ತದೆ, ಘರ್ಷಣೆಯ ಅಂಕಿಯೂ ಕೆಡುತ್ತದೆ. ಎರಡನೆಯದು, ಹೈಡ್ರೋಜನ್ನನ್ನು ಕಾರ್ಬನ್ನಿನೊಳಗೇ ಸೇರಿಸಿ ಲೆಕ್ಕ ಹಗುರ ಮಾಡಿಕೊಳ್ಳುವ ಅಭ್ಯಾಸ. ಹೆಕ್ಸಾಡೆಕೇನ್‌ನಂಥ ಉದ್ದ ಸರಪಳಿಯ ಅಣುವಿನಲ್ಲಿ ಇದು ಸ್ನಿಗ್ಧತೆಯನ್ನು ಕಡಿಮೆ ತೋರಿಸುತ್ತದೆ. ಒತ್ತಡ ಏರಿದಾಗಲಂತೂ ತಪ್ಪು ದೊಡ್ಡದಾಗುತ್ತದೆ.

ನನಗೆ ಆಸೆ ಇರುವುದು ಹರಳೆಣ್ಣೆಯ ಮೇಲೆ. ನಮ್ಮ ಗಾಡಿಯ ಅಚ್ಚುಗಳಿಗೆ ತಲೆಮಾರುಗಳಿಂದ ಸವರಿದ ಎಣ್ಣೆ ಅದು. ಅದರಲ್ಲಿ ಬಹುಪಾಲು ಇರುವ ರಿಸಿನೋಲಿಕ್ ಆಮ್ಲದ ಹೈಡ್ರಾಕ್ಸಿಲ್ ಗುಂಪುಗಳು ಅಣುಗಳನ್ನು ಹೈಡ್ರೋಜನ್ ಬಂಧದಲ್ಲಿ ಹಿಡಿದಿಡುವುದರಿಂದಲೇ ಅಷ್ಟು ಸ್ನಿಗ್ಧತೆ. ಗಿಗಾಪಾಸ್ಕಲ್ ಒತ್ತಡದಲ್ಲಿ ಆ ಬಂಧಗಳ ಗತಿಯೇನೆಂಬ ಪ್ರಶ್ನೆಗೆ ಸಿಮ್ಯುಲೇಶನ್ ಹೇಳಿ ಮಾಡಿಸಿದ ಸಾಧನ. ಇಂಥ ಸಿಮ್ಯುಲೇಶನ್ ನಡೆಸುವ ಲ್ಯಾಂಪ್ಸ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ಇದಕ್ಕೆ ಕೈಹಾಕಲಿ. ಕೈಹಾಕಿದವರು ಘರ್ಷಣೆಯ ಅಂಕಿ ಬರೆಯುವಾಗ ಪಕ್ಕದಲ್ಲೇ ಶಿಯರ್ ದರ, ಶಾಖ ತೆಗೆದ ಬಗೆ, ಬಳಸಿದ ಅಣುಮಾದರಿ ಮೂರನ್ನೂ ದಯವಿಟ್ಟು ಬರೆಯಲಿ.